ಅಂಗಾಲಿನಿಂದ ಏರಿದ ಶಾಂತಿ

ಇನ್ನು ಮೇಲೆ ಷೇರುಪೇಟೆ ಬಿದ್ದರೂ ನಾನು ಬೀಳುವುದಿಲ್ಲ, ಆಕಾಶವೇ ಕಳಚಿ ತಲೆಯ ಮೇಲೆ ಬಂದರೂ ನನ್ನ ಹುಬ್ಬು ಅಲುಗುವುದಿಲ್ಲ ಎಂದು ಆ ಸೋಮವಾರ ಹಲ್ಲುಜ್ಜುತ್ತಲೇ ಘೋಷಿಸಿದೆ. ಬಾಯಿ ತುಂಬ ನೊರೆ ಇದ್ದುದರಿಂದ ಘೋಷಣೆಯ ಅರ್ಧಭಾಗ ಕನ್ನಡಿಗೆ ಹಾರಿತು.

"ಮೊದಲು ಕನ್ನಡಿ ಒರೆಸಿ. ಆಮೇಲೆ ಸ್ಥಿತಪ್ರಜ್ಞ ಆಗೀರಂತೆ" ಎಂದಳು ನನ್ನವಳು.

ಅವಳ ಅನುಮಾನಕ್ಕೆ ಕಾರಣವಿತ್ತು. ಕಂಪ್ಯೂಟರ್ ಇಟ್ಟ ಊಟದ ಮೇಜೇ ನನ್ನ ಷೇರು ವ್ಯಾಪಾರದ ಕಚೇರಿ. ಬೆಲೆ ಏರಿದರೆ ಮೇಜು ಗುದ್ದುತ್ತೇನೆ, ಇಳಿದರೆ ತಲೆ ಚಚ್ಚಿಕೊಳ್ಳುತ್ತೇನೆ. ಹಿಂದಿನ ವಾರ "ಹೋಯ್ತು! ಎಲ್ಲಾ ಹೋಯ್ತು!" ಎಂದು ನಾನು ಅರಚಿದ್ದು ಕೇಳಿ, ನಮ್ಮ ಮನೆಯ ಕೆಳಗಿನ ಅಂಗಡಿಯ ಟೈಲರ್ ಪಾಪ, ಯಾರೋ ತೀರಿಕೊಂಡರೆಂದು ಅಂಗಡಿ ಮುಚ್ಚಿ ಸಮಾಧಾನ ಹೇಳಲು ಬಂದಿದ್ದರು! ಅಂದೇ ಮನೆಯ ಸರ್ವೋಚ್ಚ ನ್ಯಾಯಾಲಯದ ಆದೇಶವಾಗಿತ್ತು: "ಇನ್ನೊಂದೇ ಒಂದು ಸಲ ಕೂಗಿ ನೋಡಿ! ಆ ಷೇರು ಖಾತೆ ಮುಚ್ಚಿಸಿ, ಇರೋದನ್ನೆಲ್ಲ ಬ್ಯಾಂಕಲ್ಲಿ ಠೇವಣಿ ಇಡಿಸ್ತೀನಿ!"

ನನ್ನಂಥ ವೀರನಿಗೆ ಠೇವಣಿ! ಹುಲಿಗೆ ಹುಲ್ಲು ಹಾಕಿದ ಹಾಗೆ.

ಹಾಗಾಗಿ ಮನಶ್ಶಾಂತಿ ಕಲಿತೆ. ಮೊಬೈಲಿನಲ್ಲಿ ಒಬ್ಬಾಕೆ ಪಿಸುದನಿಯಲ್ಲಿ ಕಲಿಸುತ್ತಿದ್ದಳು: "ಗಾಬರಿಯಾದಾಗ ಬರಿಗಾಲನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ. ಕಿವಿಗೆ ಬಿದ್ದದ್ದು, ಮೂಗಿಗೆ ಬಂದದ್ದು, ಮೈಗೆ ತಾಕಿದ್ದು, ಎಲ್ಲವನ್ನೂ ಸುಮ್ಮನೆ ಗಮನಿಸಿ. ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಡಬೇಡಿ. ನೆಲದ ತಂಪು ಅಂಗಾಲಿನಿಂದ ಮೇಲೇರುತ್ತದೆ."

ಮಧ್ಯಾಹ್ನ ನನ್ನವಳು ಟೈಲರ್ ಅಂಗಡಿಗೆ ಹೊರಟಳು. "ರೀ, ಮಷೀನ್‌ಗೆ ಬಟ್ಟೆ ಹಾಕಿದ್ದೀನಿ. ಅದರ ಪೈಪು ಬಚ್ಚಲ ತೂತಿನಿಂದ ಜಾರಿಬಿಡುತ್ತೆ. ನೀರು ಬಿಡೋ ಹೊತ್ತಿಗೆ ಸ್ವಲ್ಪ ಕಣ್ಣಿಟ್ಟಿರಿ."

"ಒಂದಲ್ಲ, ಎರಡೂ ಕಣ್ಣಿಡ್ತೀನಿ, ಹೋಗು!"

ಅವಳು ಮೆಟ್ಟಿಲಿಳಿದಳು, ಇತ್ತ ನಾನು ಕೊಂಡಿದ್ದ ಬಣ್ಣ ತಯಾರಿಸುವ ಕಂಪನಿಯ ಷೇರೂ ಇಳಿಯತೊಡಗಿತು. ಎದೆ ಢವಢವ ಎಂದಿತು. ಹಳೆಯ ನಾನಾಗಿದ್ದರೆ ಆ ಕ್ಷಣವೇ ಎಲ್ಲವನ್ನೂ ಮಾರಿ, ಮರುದಿನ ಬೆಲೆ ಏರಿದಾಗ ಅಳುತ್ತಿದ್ದೆ. ಹೊಸ ನಾನು ಏನು ಮಾಡಿದೆ? ಫೋನಿನ ಸದ್ದಡಗಿಸಿ ಬೋರಲು ಹಾಕಿದೆ, ಚಪ್ಪಲಿ ಕಳಚಿದೆ, ಅವಳಿಗೆ ಮಾತು ಕೊಟ್ಟಿದ್ದ ಎರಡೂ ಕಣ್ಣುಗಳನ್ನು ಮುಚ್ಚಿದೆ.

ಆಹಾ! ಮೊದಲು ಕಿವಿಗೆ ಝುಳುಝುಳು ಸದ್ದು. ಎಲ್ಲೋ ಹೊಳೆ ಹರಿಯುತ್ತಿದೆ! ಕಲಿಯಲು ಶುರುಮಾಡಿ ವಾರವಾಗಿಲ್ಲ, ಆಗಲೇ ಹೊಳೆ! ಹಿಂದೆಯೇ ಮೂಗಿಗೆ ಹೂವಿನ ಪರಿಮಳ. ಆಮೇಲೆ ಬಂತು ನೋಡಿ ಅಂಗಾಲಿಗೆ ತಂಪು! ಉಳಿದವರಿಗೆ ಅಂಗಾಲಿನಲ್ಲೇ ನಿಲ್ಲುತ್ತದೋ ಏನೋ, ನನಗೆ ಸರಸರನೆ ಹಿಮ್ಮಡಿ ದಾಟಿ ಕಣಕಾಲಿಗೇ ಏರಿತು. ಏನೋ ಮೆತ್ತಗಿನದು ತೇಲಿ ಬಂದು ಕಾಲಿಗೆ ತಾಕಿತು. ನನ್ನ ಚಪ್ಪಲಿಯೇ ಇರಬಹುದೆಂದು ಒಮ್ಮೆ ಅನಿಸಿತು, ಆದರೆ ನಾನು ತೀರ್ಪು ಕೊಡಲಿಲ್ಲ.

ಇಷ್ಟು ಶಾಂತಿ ಸಂಪಾದಿಸಿದ ಮೇಲೆ ಬೆಲೆ ನೋಡಲು ಭಯವೇನು? ಕಂಪ್ಯೂಟರ್ ಪರದೆಯತ್ತ ಅರ್ಧ ಕಣ್ಣು ತೆರೆದೆ. ಷೇರು ಪಾತಾಳಕ್ಕಿಳಿದಿತ್ತು! ಕಣಕಾಲಿನ ಶಾಂತಿ ಎದೆಯವರೆಗೆ ಬರಲೇ ಇಲ್ಲ. ಕೈ ತಾನಾಗಿಯೇ ಮೌಸಿಗೆ ಹೋಯಿತು. ಇದು ಗಾಬರಿಯಲ್ಲ, ಪ್ರಶಾಂತ ಮನಸ್ಸಿನ ಪ್ರಬುದ್ಧ ನಿರ್ಧಾರ ಎಂದುಕೊಂಡು 'ಎಲ್ಲವನ್ನೂ ಮಾರು' ಗುಂಡಿ ಒತ್ತಲು ಹೊರಟೆ.

ಟಪ್!

ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಮೇಜಿನ ಕಾಲಿಗೆ ಕಟ್ಟಿದ್ದ ಪ್ಲಗ್ಗಿನ ಪಟ್ಟಿ ನೀರಲ್ಲಿ ಮುಳುಗಿ, ಮನೆಯ ಕರೆಂಟೇ ಹೋಗಿತ್ತು. ಅಲ್ಲಿಯವರೆಗಿನ ಸಾಧನೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

"ಹೋಯ್ತು! ಎಲ್ಲಾ ಹೋಯ್ತು!"

ನನ್ನ ಗರ್ಜನೆಗೆ ಸರಿಯಾಗಿ ಬಾಗಿಲು ತೆರೆಯಿತು. ನನ್ನವಳು ನಿಂತಿದ್ದಳು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿಗೆ ಹೋಗುತ್ತೆ? ಎಲ್ಲಾ ಕೆಳಗೇ ಬಂತು! ಅಂಗಡೀಲಿ ಕೂತಿದ್ದವಳ ನೆತ್ತಿ ಮೇಲೆ ಸೋಪಿನ ನೀರು! ಎಷ್ಟು ಸಲ ರೀ ಫೋನ್ ಮಾಡೋದು?"

"ಮಾರೋ ಗುಂಡಿ ಒತ್ತೋ ಹೊತ್ತಿಗೇ ಕರೆಂಟು ಹೋಯ್ತಲ್ಲೇ!"

"ಕಾಲು ಮುಳುಗೋವರೆಗೂ ಗೊತ್ತಾಗಲಿಲ್ವಾ?"

"ಗೊತ್ತಾಯ್ತು ಕಣೆ. ತೀರ್ಪು ಕೊಡದೆ ಗಮನಿಸ್ತಾ ಇದ್ದೆ."

"ತೀರ್ಪು ನಾನು ಕೊಡ್ತೀನಿ, ಇರಿ!"

ಮನೆ ಒರೆಸಿದೆ, ಟೈಲರ್ ಅಂಗಡಿಯನ್ನೂ ಒರೆಸಿದೆ. ಸಂಜೆ ಕರೆಂಟು ಬಂದ ಮೇಲೆ ಖಾತೆ ಮುಚ್ಚಲು ಕಂಪ್ಯೂಟರ್ ಮುಂದೆ ಕೂತೆ. ಅವಳು ಬೆನ್ನ ಹಿಂದೆಯೇ ನಿಂತಿದ್ದಳು. ಪರದೆ ತೆರೆಯಿತು. ಮಾರಾಟ ಆಗಿಯೇ ಇರಲಿಲ್ಲ! ಕರೆಂಟು ಹೋದ ಮೇಲೆ ಬಣ್ಣದ ಕಂಪನಿ ಪುಟಿದೆದ್ದು, ನಾನು ಕೊಂಡ ಬೆಲೆಯನ್ನೂ ದಾಟಿ ನಿಂತಿತ್ತು.

ನನ್ನ ಎದೆ ಉಬ್ಬಿತು. "ನೋಡಿದ್ಯಾ? ಕಾಲೂರಿ ಕೂತವನ ವ್ಯಾಪಾರ ಅಂದ್ರೆ ಇದು! ಈಗ ಹೇಳು, ಖಾತೆ ಇರಲೋ, ಬೇಡವೋ?"

ಅವಳು ಪರದೆಯನ್ನು ನೋಡಿದಳು, ನನ್ನನ್ನೂ ನೋಡಿದಳು. "ಇರಲಿ ಬಿಡಿ" ಎಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ನೀವು ಮುಳುಗಿಸೋಕೆ ಹೊರಟಿದ್ದನ್ನ ಸರಿಯಾದ ಹೊತ್ತಿಗೆ ಉಳಿಸಿದ್ದು ವಾಷಿಂಗ್ ಮಷೀನು" ಎನ್ನುತ್ತ ಅರ್ಧ ಒಗೆದ ಬಟ್ಟೆಯ ಬಕೆಟ್ ತಂದು ನನ್ನ ಕಾಲ ಬಳಿ ಕುಕ್ಕಿದಳು. "ಇನ್ಮೇಲೆ ಷೇರು ಅದು ನೋಡ್ಕೊಳ್ಳಲಿ. ಬಟ್ಟೆ ನೀವು ಒಗೀರಿ!"