ಸವೆಯದ ಕಡೆಯ ಹಲ್ಲುಗಳ ಪರವಾಗಿ

ಇಂದ:
ಸಬೀನಾ, ರಸೂಲ್ ಸಾಬ್ ಅವರ ಮಗಳು,
ಮಿಕ್ಸಿ, ಗಡಿಯಾರ ಮತ್ತು ಆಟದ ವಿಮಾನದ ಸರ್ವೊ ರಿಪೇರಿ ಅಂಗಡಿ,
ಚಳ್ಳಕೆರೆ.

ಗೆ:
ಮಾನ್ಯ ಅಧ್ಯಕ್ಷರು,
ಗಿಡುಗ ಮಾದರಿ ವಿಮಾನ ಸಂಘ, ಚಳ್ಳಕೆರೆ.

ವಿಷಯ: ಹಾರಿಸುವವರ ಪಟ್ಟಿಯಿಂದ ಹೊಡೆದುಹಾಕಿದ ನನ್ನ ಹೆಸರನ್ನು ಮರಳಿ ಸೇರಿಸುವ ಬಗ್ಗೆ.

ಉಲ್ಲೇಖ: 1) ಸಂಘದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆದೇಶ (ದಿನಾಂಕವನ್ನು ಮೇಕೆ ನೆಕ್ಕಿದೆ).
2) ಕಾರ್ಯದರ್ಶಿ ಗಂಗರಾಜು ಅವರ ಮೌಖಿಕ ಆದೇಶ: "ರಿಪೇರಿಯವ್ರು ಬೇಲಿ ಆಚೆ ನಿಂತ್ಕಳ್ರಿ!"

ಮಾನ್ಯರೇ,

ಬೇಲಿಯಾಚೆ ನಿಂತು ಬರೆದ ಈ ಅರ್ಜಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸರ್ವೊ ಎಂಬುದು ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಳಗೆ ಪುಟ್ಟ ಮೋಟಾರು, ನಾಲ್ಕು ಗೇರ್ ಚಕ್ರ. ರಿಮೋಟು ಹೇಳಿದಷ್ಟು ವಿಮಾನದ ಬಾಲ ಅಲ್ಲಾಡಿಸುವುದು ಅದರ ಕೆಲಸ. ಮೂರು ವರ್ಷದಿಂದ ಸಂಘದ ಸರ್ವೊಗಳನ್ನೆಲ್ಲ ನಾನೇ ಬಿಚ್ಚಿ ಕಟ್ಟಿದ್ದೇನೆ. ರಿಮೋಟು ಮಾತ್ರ ಒಮ್ಮೆಯೂ ನನ್ನ ಕೈಗೆ ಬಂದಿಲ್ಲ. ರಾಜ್ಯೋತ್ಸವದ ಪ್ರದರ್ಶನ ಮುಗಿದ ಮೇಲೆ ನನ್ನ ಸರದಿ ಎಂದು ತಾವೇ ಪಟ್ಟಿಯಲ್ಲಿ ಬರೆದಿದ್ದಿರಿ.

2. ಕೊನೆಯ ಗೇರ್ ಚಕ್ರ ಪೂರ್ತಿ ಸುತ್ತುವುದಿಲ್ಲ, ಆಚೀಚೆ ತೂಗುತ್ತದೆ ಅಷ್ಟೆ. ಹಾಗಾಗಿ ಅರ್ಧ ಹಲ್ಲುಗಳು ದುಡಿದು ಸವೆಯುತ್ತವೆ, ಉಳಿದರ್ಧ ಹುಟ್ಟಿದಾಗಿನಿಂದ ಸುಮ್ಮನೆ ಕೂತಿರುತ್ತವೆ. ಇದನ್ನು ತಮ್ಮ ಸಮಿತಿಗೆ ಹೋಲಿಸಬಾರದೆಂದು ವಿನಂತಿ.

3. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಪೆದ್ದಮ್ಮನ ಮನೆಗೆ ನೂಲು ಸುತ್ತುವ ಮೋಟಾರು ರಿಪೇರಿಗೆ ಹೋಗಿದ್ದಾಗ, ಆಕೆ ಮಗ್ಗದ ಹಣಿಗೆಯನ್ನು ತಲೆಕೆಳಗು ಮಾಡಿ ಕೂರಿಸುತ್ತಿದ್ದಳು. "ಒಂದು ಪಕ್ಕ ಸವೆದ್ರೆ ಇನ್ನೊಂದು ಪಕ್ಕ ಐತಲ್ಲಮ್ಮಾ, ತಿರುಗಿಸಿ ಹಾಕು. ಏಮೀ ಕಾದು!" ಏನೂ ಆಗಲಿಲ್ಲ. ಆದ್ದರಿಂದ ನಾನೂ ಹಾಗೆಯೇ, ವಿಮಾನವನ್ನು ಎಡಬಲ ತಿರುಗಿಸುವ ಸರ್ವೊದ ಸವೆದ ಕೊನೆಯ ಚಕ್ರದ ಅಡಿಯಲ್ಲಿ ಅಚ್ಚು ಕೂರಲು ಹೊಸ ಗುಳಿ ಕೊರೆದು, ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಸೋಮಾರಿ ಹಲ್ಲುಗಳಿಗೆ ಕೆಲಸ ಸಿಕ್ಕಿತು.

4. ಪ್ರದರ್ಶನದ ದಿನ ಮೇಲೇರಿದ ವಿಮಾನ ಕೆಳಗೆ ಬರುವಾಗ ಮೂತಿ ಎತ್ತಲೇ ಇಲ್ಲ. ಪಕ್ಕದ ಹೊಲದ ನಿಂಗಕ್ಕ ಶೇಂಗಾ ಒಣಹಾಕಿದ್ದ ಕಣಕ್ಕೆ ನೆಟ್ಟಗೆ ಇಳಿಯಿತು.
"ಏನ್ರಪ್ಪಾ, ಕಾಗೆ ಸಾಲ್ದು ಅಂತ ಇದನ್ನೂ ಬಿಟ್ರಾ ನಮ್ ಶೇಂಗಾಕ್ಕೆ?" ಎಂದಳು ನಿಂಗಕ್ಕ.
ಗಂಗರಾಜು ಅವರು ನನ್ನ ಕಡೆ ಕೈ ತೋರಿದರು: "ಹಳೇ ಚಕ್ರ ತಿರುಗಿಸಿ ಹಾಕಿದ್ಯಲ್ಲಮ್ಮಾ, ಅದೇ ಕೈ ಕೊಟ್ಟಿದ್ದು!"
ಬಿಚ್ಚಿ ನೋಡುವ ಮೊದಲೇ ನನ್ನ ಹೆಸರು ಪಟ್ಟಿಯಿಂದ ಹೋಯಿತು.

5. ಅಬ್ಬಾನ ಎದುರು, ಕಣದಲ್ಲೇ ಬಿಚ್ಚಿದೆ. ನಾನು ರಿಪೇರಿ ಮಾಡಿದ ಸರ್ವೊ ಮುರಿದ ಬಾಲದಲ್ಲೂ ತಿರುಗುತ್ತಿತ್ತು. ಮೂತಿ ಎತ್ತಿಸುವ ಸರ್ವೊ ಮಾತ್ರ ಸತ್ತಿತ್ತು. ಅದು ಗಂಗರಾಜು ಅವರೇ ಸ್ವಹಸ್ತದಿಂದ ಜೋಡಿಸಿದ ಹೊಚ್ಚಹೊಸದು. ಒಳಗೆ ಎಣ್ಣೆ ಮತ್ತು ಕೆಂಪು ಧೂಳು ಕಲಸಿ ಗಟ್ಟಿಯಾಗಿ, ಎರಡನೇ ಚಕ್ರದ ಮೂರು ಹಲ್ಲು ಉದುರಿದ್ದವು. ಮೃತ ಇರುವೆಗಳು ಏಳು.
"ಸಲೀಸಾಗಿ ತಿರುಗ್ಲಿ ಅಂತ ಎರಡು ತೊಟ್ಟು ಬಿಟ್ಟೆ ಕಣಮ್ಮ. ಚಳ್ಳಕೆರೇಲಿ ಹುಟ್ಟಿ ಶೇಂಗಾ ಎಣ್ಣೆ ಅಲ್ದೆ ಇನ್ನೇನ್ ಬಿಡ್ಲಿ? ಎಣ್ಣೆ ಬಿಟ್ರೆ ಯಾವ್ದಾದ್ರೂ ಕೆಡತೈತಾ?" ಎಂದರು ಗಂಗರಾಜು.
ಬಾಗಿಲ ತಿರುಗಣೆಗೆ, ಸೈಕಲ್ ಚೈನಿಗೆ, ಅಜ್ಜಿಯ ಮಂಡಿಗೆ ಈ ಊರಲ್ಲಿ ಅದೇ ಎಣ್ಣೆ. ಅವರ ಊರಭಿಮಾನವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಅದೇ ಅಭಿಮಾನ ಇರುವೆಗಳಿಗೂ ಇದೆ.

6. "ಜಗಳ ಬೇಡ ಬೇಟಿ, ಅರ್ಜಿ ಬರಿ" ಎಂದರು ಅಬ್ಬಾ. ಬರೆದಿದ್ದೇನೆ. ಜಗಳವನ್ನೂ ಇದರಲ್ಲೇ ಸೇರಿಸಿದ್ದೇನೆ. ಎಣ್ಣೆ ಬಿಟ್ಟವರು ಬೇಲಿಯೊಳಗೆ, ಹಲ್ಲು ಕೂರಿಸಿದವಳು ಬೇಲಿಯಾಚೆ! ಸಮಜಾಯಿಷಿ ಕೇಳದೆ ಶಿಕ್ಷೆ ಕೊಡುವ ಈ ನಿಯಮ ಯಾವ ಪುಸ್ತಕದಲ್ಲಿದೆಯೋ ತೋರಿಸಿ, ಓದುತ್ತೇನೆ.

ಆದ್ದರಿಂದ, ಬರುವ ಭಾನುವಾರ ರಿಮೋಟನ್ನು ನನ್ನ ಕೈಗೆ ಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಬೇಲಿಯಾಚೆಯಿಂದ,
ಸಬೀನಾ

ಲಗತ್ತುಗಳು:
ಅ) ಮೂರು ಹಲ್ಲು ಹೋದ ಚಕ್ರ.
ಆ) ಇರುವೆಗಳು, ಏಳು (ಮೂಲ ಪ್ರತಿ, ಜೆರಾಕ್ಸ್ ಅಂಗಡಿಯವರು ಒಪ್ಪಲಿಲ್ಲ).
ಇ) ನಾನು ರಿಪೇರಿ ಮಾಡಿದ ಸರ್ವೊ, ಬ್ಯಾಟರಿ ಮತ್ತು ತಿರುಗಿಸುವ ಗುಂಡಿ ಸಹಿತ.

ವಿ.ಸೂ.: ಗುಂಡಿ ಆಚೀಚೆ ತಿರುಗಿಸಿದರೆ ಸರ್ವೊ ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತದೆ. ಉಲ್ಲೇಖಿತ ಆದೇಶಗಳಿಗೆ ಅದರ ಉತ್ತರ ಅದೇ ಎಂದು ದಾಖಲಿಸಿಕೊಳ್ಳುವುದು. ಶನಿವಾರ ಸಂಜೆಯೊಳಗೆ ವಾಪಸು ಕಳಿಸುವುದು. ಭಾನುವಾರ ನಾನು ಹಾರಿಸುವ ವಿಮಾನಕ್ಕೆ ಅದೇ ಬೇಕು. ದಯವಿಟ್ಟು ಎಣ್ಣೆ ಹಾಕಬಾರದು.