ಗೊಂಬೆಯನ್ನು ವಿಚಾರಣೆ ಮಾಡಿದ ಅರಿವಳಿಕೆ ವೈದ್ಯರಿಗೆ

ಮಾನ್ಯರೇ,

ಮಕ್ಕಳ ಹಲ್ಲಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕೈಯ ನರದೊಳಗೆ ಹಾಲಿನಂಥ ಬಿಳಿ ಔಷಧಿ ಹರಿಸಿ ಎಂಥ ರಂಪದ ಮಕ್ಕಳನ್ನೂ ಮಲಗಿಸುವ ತಮಗೆ, ಹಸಿರು ಟೋಪಿಯಿಂದ ಮೆತ್ತನೆಯ ಚಪ್ಪಲಿಯವರೆಗೂ ಸಲ್ಲುವಂತೆ ಒಬ್ಬ ಅಜ್ಜನ ನಮಸ್ಕಾರಗಳು. ನನ್ನ ಐದು ವರ್ಷದ ಮೊಮ್ಮಗಳ ನಾಲ್ಕು ದವಡೆ ಹಲ್ಲು ಹುಳುಕಾಗಿ, ಆಕೆ ಬಾಯಿ ತೆರೆಯದೆ, ತೆರೆದಾಗ ದಂತವೈದ್ಯರ ಬೆರಳನ್ನೇ ಕಚ್ಚಿ, ಕಡೆಗೆ ಪ್ರಕರಣ ತಮ್ಮ ಕೈಗೆ ಬಂದದ್ದು ತಮಗೆ ನೆನಪಿರಬಹುದು, ಬೆರಳಿನವರಿಗಂತೂ ನೆನಪಿದೆ.

ಅರಿವಳಿಕೆಗೆ ಆರು ಗಂಟೆ ಮುಂಚಿನಿಂದ ಮಗು ಏನನ್ನೂ ತಿನ್ನಕೂಡದೆಂದು ತಮ್ಮ ಚೀಟಿಯಲ್ಲಿತ್ತು. ಅದನ್ನು ಓದಿ ಗೋಡೆಗೆ ಅಂಟಿಸಿದವನೂ ನಾನೇ. ಆದರೆ ಆಸ್ಪತ್ರೆಯ ಮೆಟ್ಟಿಲ ಬಳಿ ಮಗು "ಅಜ್ಜಾ, ಹೊಟ್ಟೆ ಗುರ್ ಅಂತಿದೆ" ಎಂದಾಗ ಕರುಳು ಕೇಳಲಿಲ್ಲ. ಮಗಳು ಒಳಗೆ ಫಾರಂ ತುಂಬುತ್ತಿದ್ದ ಸಮಯ ನೋಡಿ, ನನ್ನ ಜೇಬಿನಲ್ಲಿ ಹೇಗೋ ಬಂದು ಕೂತಿದ್ದ ಬಾಳೆಹಣ್ಣಿನಲ್ಲಿ ಅರ್ಧ ಕೊಟ್ಟು, ಸಾಕ್ಷ್ಯ ಉಳಿಯಬಾರದೆಂದು ಉಳಿದರ್ಧ ನಾನೇ ನುಂಗಿದೆ.

ನನ್ನ ದೂರು ಇಲ್ಲಿಂದ ಆರಂಭ. ತಾವು ಮಗಳನ್ನು ಕೇಳಿದಿರಿ, "ಏನೂ ಕೊಟ್ಟಿಲ್ಲ ಡಾಕ್ಟ್ರೇ" ಎಂದಳು. ನನ್ನನ್ನು ಕೇಳಿದಿರಿ, ನಾನು ಫ್ಯಾನು ನೋಡಿದೆ. ದೊಡ್ಡವರ ಮಾತಿಗೆ ಬೆಲೆ ಕೊಟ್ಟು ಸುಮ್ಮನಾಗುವುದು ಬಿಟ್ಟು, ತಾವು ನೆಲಕ್ಕೆ ಮಂಡಿಯೂರಿ ಮಗುವಿನ ಕಂಕುಳಲ್ಲಿದ್ದ ಬಟ್ಟೆಗೊಂಬೆಯನ್ನು, ಇವತ್ತೇನು ತಿಂದೆಯಮ್ಮಾ ಎಂದು ಕೇಳುವುದೇ? "ಇದಕ್ಕೇನೂ ಸಿಗ್ಲಿಲ್ಲ, ಬಾಳೆಹಣ್ಣು ನಾನೂ ಅಜ್ಜನೂ ತಿಂದ್ವಿ" ಎಂದುಬಿಟ್ಟಳು ಮೊಮ್ಮಗಳು. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ, ಸೀಟಿನಡಿ ಅವಿತವರನ್ನೂ ಹಿಡಿದ ನಾನು ಒಂದು ಗೊಂಬೆಯೆದುರು ಸಿಕ್ಕಿಬಿದ್ದೆ. ಚಿಕಿತ್ಸೆ ಎಂಟು ದಿನ ಮುಂದಕ್ಕೆ ಹೋಯಿತು. ಮಗಳು ನನ್ನೊಡನೆ ಮಾತು ಬಿಟ್ಟಳು. ಮಗುವನ್ನು ನನ್ನೊಬ್ಬನ ಬಳಿ ಬಿಡುವುದನ್ನೂ ನಿಲ್ಲಿಸಿದಳು.

ಆದಕಾರಣ ನನ್ನ ವಿನಂತಿಯೇನೆಂದರೆ, ಇನ್ನು ಮುಂದೆ ಉಪವಾಸ ಮಗುವಿಗೇ ಇರಲಿ, ಅರಿವಳಿಕೆಯನ್ನು ಆರು ಗಂಟೆ ಮೊದಲೇ ಅಜ್ಜನಿಗೆ ಕೊಡತಕ್ಕದ್ದು. ಔಷಧಿಯ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆಂದು ಕೇಳಿದ್ದೇನೆ. ನನ್ನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ.

ಎರಡನೇ ದೂರು, ತಾವು ಬೈಯಲಿಲ್ಲ ಎಂಬುದು. ಮಲಗಿದ ಮಗುವಿನ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯವೆಂದು, ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಿರಿ. ಬೈದಿದ್ದರೆ ವಾದಕ್ಕಿಳಿಯುತ್ತಿದ್ದೆ. ಹಾಗಾಗದೆ, ಮನೆಗೆ ಹೋಗಿ ಗೋಡೆಯ ಮೇಲಿನ ತಮ್ಮ ಚೀಟಿಯನ್ನು ಮತ್ತೆ ಮೊದಲಿನಿಂದ ಓದಿದೆ. ಎಂಟು ದಿನದ ಬಳಿಕ, ನನ್ನ ಬೆರಳು ಹಿಡಿದು ಒಂದು, ಎರಡು ಎಣಿಸುತ್ತಿದ್ದ ಮಗು ಮೂರಕ್ಕೆ ಮುಂಚೆ ಕೈ ಸಡಿಲಿಸಿದಾಗ ನನ್ನ ಜೀವ ಬಾಯಿಗೆ ಬಂತು. ಮುಕ್ಕಾಲು ಗಂಟೆ ತಾವು ಅವಳ ಉಸಿರಿನಿಂದ ಕಣ್ಣು ಕೀಳಲಿಲ್ಲ. ಬಾಗಿಲ ಗಾಜಿನಾಚೆ ನಿಂತು ನಾನು ತಮ್ಮಿಂದ ಕಣ್ಣು ಕೀಳಲಿಲ್ಲ. ಈ ಬಗ್ಗೆ ಮಾತ್ರ ಯಾವ ದೂರೂ ಇಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಬೆರಳು ಕಚ್ಚಿದವಳ ಅಜ್ಜ

ವಿ.ಸೂ.: ಮುಂದಿನ ತಪಾಸಣೆಗೆ ಮಗುವನ್ನು ನಾನೊಬ್ಬನೇ ಕರೆತರಲು ಮಗಳು ನಿನ್ನೆ ಒಪ್ಪಿದಳು. ಒಪ್ಪಿ, ನನ್ನೆದುರೇ ಮಗುವಿಗೆ "ಅಜ್ಜನ್ನ ಹುಷಾರಾಗಿ ನೋಡ್ಕೋ" ಎಂದಳು. ಅವಮಾನವಾಗಬೇಕಿತ್ತು, ಆದರೆ ಮಗುವನ್ನು ಇನ್ನೆಂದೂ ನನ್ನ ಬಳಿ ಬಿಡಲಾರಳೆಂದು ಬಾಳೆಹಣ್ಣಿನ ದಿನದಿಂದ ನನಗಿದ್ದ ಹೆದರಿಕೆ ಅಲ್ಲಿಗೆ ಹೋಯಿತು.