ಬಣ್ಣದ ದಿನ ಗೋಡೆಯಿಂದ ಎದ್ದು ಬಂದವರು

ಬಣ್ಣದಂಗಡಿಯಲ್ಲಿ ದೆವ್ವ ಓಡಾಡುತ್ತೆ ಅಂದರೆ ನೀವು ನಗ್ತೀರಿ. ನಮ್ಮ ಸರಸ್ವತಿಪುರಂ ಅಂಗಡಿಯಲ್ಲಿ ಒಂದು ದಿನ ನಿಂತು ನೋಡಿ, ಆಮೇಲೆ ನಗಿ. ಹಳ್ಳಿಯಿಂದ ಬಂದ ನನ್ನ ಕಣ್ಣಿಗೆ ಒಂದು ಬಣ್ಣ ಬಿದ್ದರೆ ಸಾಕು, ಅದನ್ನೇ ಡಬ್ಬಿಯಲ್ಲಿ ಎಬ್ಬಿಸಿ ಕೊಡ್ತೀನಿ. ಮೈಸೂರಲ್ಲಿ ಇಂಥ ಇನ್ನೊಬ್ಬನಿದ್ದರೆ ತೋರಿಸಿ! ಆದರೂ ಯಜಮಾನರು ಬಣ್ಣ ಅಳೆಯೋ ಮಿಷನ್ ತಂದರು. ಹೋಳಿಯಲ್ಲ, ಪ್ರಪಂಚವೆಲ್ಲ ಆಚರಿಸೋ ಬಣ್ಣದ ದಿನ ಬಂತು. 'ಯಾವ ಬಣ್ಣ ತಂದರೂ ಕೂಡಿಸಿ ಕೊಡುತ್ತೇವೆ' ಅಂತ ಯಜಮಾನರು ಬೋರ್ಡು ಹಾಕಿ, "ಇವತ್ತು ನಿನ್ನ ಕಣ್ಣಲ್ಲೇ ಕೂಡಿಸು. ಸಂಜೆಯೊಳಗೆ ಒಂದೇ ಒಂದು ಕಂಪ್ಲೇಂಟ್ ಬಂದರೂ ನಾಳೆಯಿಂದ ಕೌಂಟರಿಗೆ ಮಿಷನ್ನು, ಡಬ್ಬಿ ಹೊರೋಕೆ ಗೋಡೌನಿಗೆ ನೀನು" ಅಂದರು.

೧. ಬೂದಿಯೋ ನೇರಳೆಯೋ

ಟೀಚರಮ್ಮ ಒಬ್ಬರು ಬ್ಲೌಸ್ ಪೀಸ್ ತಂದರು. ರೂಮಿಗೆ ಅದೇ ಬಣ್ಣ ಬೇಕಂತೆ. ಟ್ಯೂಬ್‌ಲೈಟ್ ಕೆಳಗೆ ನೋಡಿದೆ, ಬೂದಿ ಬಣ್ಣ. ಬಾಗಿಲಾಚೆ ಬಿಸಿಲಿಗೆ ಹಿಡಿದೆ, ನೇರಳೆ. ಒಳಗೆ ತಂದೆ, ಮತ್ತೆ ಬೂದಿ. ಕೈಯಲ್ಲಿ ಹಾವು ಹಿಡಿದಂಗಾಯ್ತು. ಬಿಸಿಲು ಬೀಳೋ ರೂಮು ಅಂತ ಕೇಳಿಕೊಂಡು ನೇರಳೆ ಕೂಡಿಸಿದೆ.

"ಮೇಡಂ, ಈ ಬಟ್ಟೆಗೆ ಏನೋ ಮೆಟ್ಕೊಂಡಿದೆ ಕಣ್ರೀ. ಗಳಿಗೆಗೊಂದು ರೂಪ."

"ಆರಿಸಿದ್ದು ನನ್ನ ಸೊಸೆ ಕಣಪ್ಪ. ಅವಳೂ ಹಂಗೇ. ನನ್ನ ಮಗನ ಮುಂದೆ ಒಂದು, ನನ್ನ ಮುಂದೆ ಒಂದು."

೨. ದೃಷ್ಟಿಬೊಂಬೆ

ಮಂಡಕಳ್ಳಿ ಕಡೆ ಮನೆ ಕಟ್ಟುತ್ತಿದ್ದ ಮೇಸ್ತ್ರಿ, ಬಿಸಿಲಿಗೆ ಮಾಸಿದ ದೃಷ್ಟಿಬೊಂಬೆ ತಂದುಕೊಟ್ಟು, "ಮುಖ ಮೊದಲಿನಷ್ಟೇ ಕೆಂಪಾಗಬೇಕು" ಅಂದ. ಕಿವಿ ಹಿಂದೆ ಮಾಸದೆ ಉಳಿದಿದ್ದ ಚೂರು ಕೆಂಪು ನೋಡಿ ಕೂಡಿಸಿ, ನಾನೇ ಬಳಿದು, ಕೌಂಟರ್ ಮೇಲೆ ಒಣಗೋಕೆ ಇಟ್ಟೆ. ನಾನು ಎಡಕ್ಕೆ ಹೋದರೆ ಅದರ ಕಣ್ಣು ಎಡಕ್ಕೆ. ಬಲಕ್ಕೆ ಹೋದರೆ ಬಲಕ್ಕೆ. ಗಿರಾಕಿಗಳು ಮೆಟ್ಟಿಲವರೆಗೆ ಬಂದು ವಾಪಸ್! ಯಜಮಾನರು ಪರೀಕ್ಷೆಗೆ ಅಂತ ಅದರ ಕೆನ್ನೆಗೆ ಮಿಷನ್ ಒತ್ತಿದರು. ಕುಯ್ಯೋ ಅಂತ ಮಿಷನ್ ಆಫ್ ಆಯ್ತು.

"ನೋಡಿ ಸಾರ್," ಅಂದೆ, "ನಾನು ಆಗಿಂದ ಇದರ ಜೊತೆ ಸಂಸಾರ ಮಾಡ್ತಿದೀನಿ. ನಿಮ್ಮ ಮಿಷನ್ ಒಂದೇ ಮುತ್ತಿಗೆ ಮೂರ್ಛೆ."

೩. ನೆರಳು

ಲಕ್ಷ್ಮೀಪುರಂನ ಅಜ್ಜಿಯೊಬ್ಬರು ಅಂಗಡಿ ತೆರೆದ ಕೂಡಲೇ, ಗೋಡೆಯ ಕಲೆಯೊಂದು ಮುಚ್ಚಬೇಕು ಅಂತ ಅದರ ಚಕ್ಕೆ ತಂದು, ಅದಕ್ಕೆ ಸರಿಯಾಗಿ ತಿಳಿಹಳದಿ ಕೂಡಿಸಿಕೊಂಡು ಹೋಗಿದ್ದರು. ಸಂಜೆ ಅವರ ಫೋನು: "ಮೂರು ಕೋಟು ಹೊಡೆಸಿದೆ ಕಣಪ್ಪ. ಅವರು ಗೋಡೆಯಿಂದ ಎದ್ದು ಬರ್ತಾನೇ ಇದಾರೆ."

ಯಜಮಾನರು ನನ್ನನ್ನ ಸ್ಕೂಟರಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಗೋಡೌನಿನ ಮಾತೇ.

ನನ್ನ ಬಣ್ಣ ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗದ ಹಾಗೆ ಗೋಡೆಗೆ ಕೂಡಿತ್ತು. ಅದರ ನಡುವಿಂದ ಕಂದು ನೆರಳೊಂದು ಮೂಡುತ್ತಿತ್ತು. ದುಂಡು ತಲೆ, ಎರಡು ಭುಜ. ಮೇಲೆ ಹಾರ ಹಾಕಿದ ಫೋಟೋ. ಅಗಲ ಹಣೆ, ದಪ್ಪ ಮೀಸೆ. ಊರಲ್ಲಿ ಸ್ಮಶಾನದ ಹಾದೀಲಿ ಶಿಳ್ಳೆ ಹೊಡ್ಕೊಂಡು ಓಡಾಡಿದವನು ನಾನು. ಆದರೂ ಒಂದು ಹೆಜ್ಜೆ ಹಿಂದಿಟ್ಟೆ.

"ಸ್ವಲ್ಪ ಸರಿಯಪ್ಪ," ಅಂತ ಬೆನ್ನ ಹಿಂದೆ ದನಿ.

ತಿರುಗಿದೆ. ಅದೇ ಹಣೆ, ಅದೇ ಮೀಸೆ! ಫೋಟೋದವರು ನನ್ನ ದಾಟಿ ಹೋಗಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಒರಗಿದರು. ಅವರ ತಲೆ ಆ ನೆರಳಿನೊಳಗೆ ಅಳತೆ ಕೊಟ್ಟಂಗೆ ಕೂತಿತು.

ಆಮೇಲೆ ನೋಡಿದರೆ ನಾನು ಗೇಟಿನ ಹತ್ತಿರ ಇದ್ದೆ. ಹೆಂಗೆ ಬಂದೆ ಅಂತ ಕೇಳಬೇಡಿ.

"ಲೋ, ಬಾರೋ!" ಯಜಮಾನರು ಕೂಗಿದರು. "ಫೋಟೋ ಇವರಪ್ಪಂದು ಕಣೋ. ಇವರು ಅಜ್ಜಿ ಗಂಡ, ಬದುಕಿದಾರೆ!"

ತಾತ ನಲವತ್ತು ವರ್ಷ ಅಲ್ಲೇ ಒರಗಿ ಪೇಪರ್ ಓದಿದ್ದಾರೆ. ತಲೆಯ ಎಣ್ಣೆಯನ್ನೆಲ್ಲ ಗೋಡೆ ಕುಡಿದಿದೆ. ಜಿಡ್ಡಿಗೆ ಮೊದಲು ಪ್ರೈಮರ್ ಬಳಿಯದಿದ್ದರೆ ಎಷ್ಟು ಕೋಟು ಹೊಡೆದರೂ ಅದು ಮೇಲೇಳುತ್ತೆ. ಕಲೆ ಯಾವುದರದು ಅಂತ ನಾನು ಕೇಳಿರಲೇ ಇಲ್ಲ. ಬಣ್ಣ ಕೂಡಿಸಿದ ಜಂಬದಲ್ಲಿದ್ದೆ.

"ಹಾಗಾದರೆ ಕಂಪ್ಲೇಂಟೇ ಆಯ್ತು," ಅಂದರು ಯಜಮಾನರು. "ನಾಳೆಯಿಂದ ಗೋಡೌನು."

ತಾತ ಎದ್ದು, ತಿರುಗಿ, ಗೋಡೆಯ ಮೇಲಿನ ತಮ್ಮನ್ನು ಕಣ್ತುಂಬ ನೋಡಿಕೊಂಡರು.

"ಯಾರು ಕಂಪ್ಲೇಂಟ್ ಕೊಟ್ಟಿದ್ದು? ಹುಡುಗನ ಕೆಲಸ ಚೆನ್ನಾಗೇ ಇದೆ. ಇವಳೇ, ಇದನ್ನ ಅಳಿಸಬೇಡ. ನಾನು ಹೋದಮೇಲೆ ಮೇಲೊಂದು ಮೊಳೆ ಹೊಡೆದು ಹಾರ ಹಾಕ್ಬುಡು. ಫೋಟೋ ಹುಡುಕೋ ತಾಪತ್ರಯವೇ ಇಲ್ಲ!"